ತೀರ್ಥ ಕುಡಿದ ಜೋಳ

ಸಪ್ತಾಪುರದ ಬಸ್ಸಿನಲ್ಲಿ ನನ್ನ ಮುಂದಿನ ಆಸನದಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳೂ ಅವಳ ಮನೆಯೊಡತಿ ರತ್ನವ್ವನವರೂ ಆಸೀನರಾಗಿದ್ದರು.

“ಅಮ್ಮಾರ, ಮಾಳಿಗಿ ಮ್ಯಾಲಿನ ಜೋಳದ ಕುಂಡಕ್ಕ ‘ನೀರು ಹಾಕಬಾರದು’ ಅಂತ ಚೀಟಿ ಹಚ್ಚಿದ್ದೆನಲ್ರಿ.”

“ನೀರೆಲ್ಲಿ ಹಾಕೇನವಾ? ಲಿಂಗಪೂಜಿ ತೀರ್ಥ ಹಾಕೇನಿ. ಅದನ್ನ ತುಳಿಯೂ ಜಾಗಾದಾಗ ಚೆಲ್ಲಬಾರದು.”

“ನೀರು ಸಿಗದಾಗ ಗಿಡದಾಗಿನ ಸಣ್ಣ ಆರ್‌ಎನ್‌ಎ ಬೆಳವಣಿಗಿ ಜೀನುಗಳ ಬಾಯಿ ಮುಚ್ಚಸ್ತೈತ್ರಿ. ಹನ್ನೆರಡು ದಿನ ಒಣಗಿಸಿ ಅದನ್ನ ಅಳೀಬೇಕಿತ್ತು. ಈಗ ಗಿಡ ಮಳಿ ಬಂತಂತ ತಿಳದೈತಿ. ನನ್ನ ಪಿಎಚ್‌ಡಿ ಹೋತು.”

“ತೀರ್ಥಕ್ಕೂ ಮಳಿಗೂ ಫರಕ ತಿಳೀದದ್ದನ್ನ ನಂಬಿ ಪಿಎಚ್‌ಡಿ ಮಾಡಾಕತ್ತೀಯಲ್ಲ.”

“ನಾಳೆ ಹೊಸಾ ಬೀಜ ಹಾಕ್ತೇನ್ರಿ. ಚೀಟ್ಯಾಗ ಏನ್ ಬರೀಲಿ?”

ನಿಲ್ದಾಣ ಬಂದಿತು. ರತ್ನವ್ವನವರು ಸೆರಗು ಸರಿಪಡಿಸಿಕೊಂಡು ಎದ್ದರು.

“‘ನಿಟ್ಟುಪವಾಸ’ ಅಂತ ಬರಿ. ವ್ರತ ಕೆಡಿಸೂ ಪಾಪ ನನಗ ಬ್ಯಾಡ.”

ಇಬ್ಬರೂ ಇಳಿದುಹೋದರು.