ಗಾಸ್ಪರನ ತಾಯಿಯ ರೊಟ್ಟಿ

ಸತ್ತವರ ಹಬ್ಬದ ಹಿಂದಿನ ಸಂಜೆ ಪೊಟೊಸಿ ಬೆಟ್ಟದ ಕೆಳಗಿನ ನಮ್ಮೂರಿಗೆ ಮಳೆ ಹಿಡಿದಿತ್ತು. ತಗಡಿನ ಸೂರಿನಡಿ ನಾವು ಹೆಂಗಸರು ರೊಟ್ಟಿಗೊಂಬೆಗಳಿಗೆ ಹಿಟ್ಟು ನಾದುತ್ತಿದ್ದೆವು. ಸತ್ತವರೊಬ್ಬೊಬ್ಬರಿಗೂ ಒಂದು ಗೊಂಬೆ. ಹಬ್ಬದ ಮಧ್ಯಾಹ್ನ ಹೆಸರು ಹಿಡಿದು ಊಟಕ್ಕೆ ಕರೆಯಬೇಕು, ಮರುದಿನ ಮಧ್ಯಾಹ್ನ ಹೆಸರು ಹಿಡಿದೇ ಬೀಳ್ಕೊಡಬೇಕು. ಹೊಸದಾಗಿ ಬಂದ ನನ್ನ ಸೊಸೆ ಒಂದು ಗೊಂಬೆ ಹೆಚ್ಚಾಗಿ ತಟ್ಟಿ, "ಯಾರಿಗಾದ್ರೂ ಆಗುತ್ತೆ ಬಿಡಿ" ಎಂದು ನಕ್ಕಳು. ಒಲೆಯ ಪಕ್ಕ ಕೂತಿದ್ದ ನನ್ನ ಅತ್ತೆ ಕೈಚಾಚಿ ಅದನ್ನು ಹಿಸುಕಿ ಮುದ್ದೆ ಮಾಡಿದರು.

"ನಗಬೇಡ್ವೇ ಹುಡುಗಿ... ನಿಮ್ಮಜ್ಜನಿಗೂ, ನನ್ನ ಗಂಡನಿಗೆ, ಇದೇ ಉಡಾಫೆ. ಅವರಿಗೊಂದು ಹುಚ್ಚು ಕಣ್ರೇ. ಸಮುದ್ರ ದಾಟಿ ಬಂದು ಈ ಸೀಮೆನೆಲ್ಲ ಹುಡುಕಿ ಹಿಡಿದ ಸ್ಪೇನಿನ ಕಪ್ತಾನ ಲೋಪೆ ಇದ್ನಲ್ಲ, ತಾವು ಅವನ ವಂಶ ಅಂತ ತೋರಿಸ್ಬೇಕು, ಬಾಗಿಲ ಮೇಲೆ ಅವನ ಲಾಂಛನ ಕೆತ್ತಿಸ್ಬೇಕು! ಊರೂರು ಸುತ್ತಿದ್ರು, ಗೋರಿಕಲ್ಲು ಉಜ್ಜಿದ್ರು, ಪಾದ್ರಿಗಳ ತಲೆ ತಿಂದ್ರು, ತಮ್ಮಪ್ಪ, ಅವರಪ್ಪ, ಅವರಪ್ಪ ಅಂತ ಹತ್ತಿ ಹತ್ತಿ ಕೊನೆಗೆ ಕಪ್ತಾನನ ಮಗ ಗಾಸ್ಪರನ್ನ ಮುಟ್ಟಿದ್ರು. ಮುಟ್ಟಿದ್ಮೇಲೆ ಗೊತ್ತಾಗಿದ್ದೇನು? ಕಪ್ತಾನನ ಹೆಂಡತಿ ಸ್ಪೇನಿಂದ ಬಂದು ಹಡಗಿಳಿಯೋ ಹೊತ್ತಿಗೆ ಗಾಸ್ಪರ್ ಆಗಲೇ ಕುದುರೆ ಹತ್ತುತಿದ್ದ! ಹಾಗಾದ್ರೆ ಹೆತ್ತವಳು ಯಾರು? ಕೇಳ್ದೆ. 'ಯಾವಳೋ ಇಲ್ಲಿಯವಳು, ಅಡುಗೆಯವಳು. ಅವಳ ಹೆಸರು ಕಟ್ಕೊಂಡು ನಿನಗೇನಾಗ್ಬೇಕು' ಅಂದ್ರು.

"ಆ ವರ್ಷ ಇಡೀ ವಂಶಕ್ಕೆ ಗೊಂಬೆ ಮಾಡಿಸಿದ್ರು, ಅವಳಿಗೂ ಒಂದು. ಒಬ್ಬೊಬ್ಬರಿಗೂ ಒಂದು ಕುರ್ಚಿ ಹಾಕಿಸಿದ್ರು. ಎಲ್ಲರನ್ನೂ ಹೆಸರು ಹಿಡಿದು ಕರೆದು, ಅವಳ ಸರದಿಗೆ 'ಗಾಸ್ಪರನ ತಾಯಿ, ಬಾ' ಅಂದ್ರು. ಬಂದ್ಲು... ಬರದೇ ಏನು? ಆದ್ರೆ ಮಾರನೇ ದಿನ ಏನಂತ ಕಳಿಸೋದು? ಎಲ್ರೂ ಹೋದ್ರು, ಅವಳ ಕುರ್ಚಿ ಮಾತ್ರ ಬೆಚ್ಚಗೇ ಇತ್ತು. ನಾನೇ ಕೈಯಿಟ್ಟು ನೋಡ್ದೆ.

"ಆ ಸಂಜೆ ನಿಮ್ಮಜ್ಜ ನನ್ನ ಕರೆಯೋಕೆ ಬಾಯಿ ತೆಗೆದ್ರು, 'ಏ... ಇವಳೇ' ಅಂದ್ರು. ನಮ್ಮಮ್ಮ, ಹೆತ್ತಮ್ಮ ಕಣ್ರೇ, ಬಾಗಿಲಲ್ಲಿ ನಿಂತು ನನ್ನ ಹೆಸರಿಗೆ ತಡಕಾಡಿದ್ಲು. ನಾನೇ ಹೇಳ್ಕೊಳ್ಳೋಣ ಅಂದ್ರೆ ಕೋಕಾ ಎಲೆ ಜಗಿದ ಹಾಗೆ ನಾಲಿಗೆ ಜುಮ್ಮಂತು... ಅಷ್ಟೇ. ಅಳು ಬರ್ಲಿಲ್ಲ, ಭಯನೂ ಆಗ್ಲಿಲ್ಲ. ಪಾತ್ರೆ ತೊಳೆದೆ. ಮಕ್ಕಳನ್ನ ಹೆತ್ತೆ. ನಿಮ್ಮಜ್ಜ ಸತ್ತಾಗ್ಲೂ ಯಾರದೋ ಮನೆ ಸಾವು ಅನ್ನೋ ಹಾಗೆ ನಿಂತಿದ್ದೆ."

"ಹೆಸರಿಟ್ಟ ಪಾದ್ರಿನ ಕೇಳ್ಬಹುದಿತ್ತಲ್ಲ ಅಜ್ಜಿ?" ಎಂದಳು ಸೊಸೆ.

"ಕೇಳ್ದೆ. ತುಟಿ ಆಡಿದ್ದು ಕಾಣ್ತು, ಸದ್ದು ಬರ್ಲಿಲ್ಲ."

ಈ ಮನೆಗೆ ಬಂದಾಗಿನಿಂದ ನಾನು ಅವರನ್ನು ಅತ್ತೆ ಎಂದೇ ಕರೆದದ್ದು. ಬೇರೊಂದು ಹೆಸರು ಇರಬೇಕಲ್ಲ ಎಂದು ಹೊಳೆದೇ ಇರಲಿಲ್ಲ.

"ಒಂದೇ ಯೋಚನೆ ನನಗೆ. ನಾನು ಸತ್ಮೇಲೆ ಊಟಕ್ಕೆ ಏನಂತ ಕರೀತೀರಿ? ಕರೀದಿದ್ರೆ ನಾನು ಮನೆಗೆ ಬರೋದು ಹೇಗೆ? ಗಾಸ್ಪರನ ತಾಯಿ ನನ್ನ ಹೆಸರು ಇವತ್ತು ವಾಪಸ್ ಕೊಡ್ತಾಳೆ, ನಾಳೆ ಕೊಡ್ತಾಳೆ ಅಂತ ಕಾದೆ. ಕೊಡಲ್ಲ. ಅದು ಅವಳದ್ದೂ ಅಲ್ವಲ್ಲ... ಹಾಕ್ಕೊಂಡು ನೋಡ್ತಾಳೆ, ಮೈಗೆ ಸರಿಹೋಗಲ್ಲ, ಎಲ್ಲೋ ಬಿಸಾಕಿ ಇನ್ನೊಂದು ಹುಡುಕ್ತಾಳೆ. ಈ ಮನೆಗೆ ಸೊಸೆ ಬಂದಾಗೆಲ್ಲ ಆ ಕುರ್ಚಿ ಮುಟ್ಟಿ ನೋಡ್ತೀನಿ. ಇವತ್ತು ಬೆಳಿಗ್ಗೆನೂ ಮುಟ್ಟಿದೆ..."

ಅವರು ನನ್ನ ಕಡೆ ನೋಡಲಿಲ್ಲ. ಊರೆಲ್ಲ ನನ್ನನ್ನು ಕರೆಯುವುದು ತದೇಯೋನ ತಾಯಿ ಎಂದು.

ಬೀದಿಬಾಗಿಲು ಬಡಿದ ಸದ್ದಾಯಿತು. ದಿನವೂ ಬೀದಿ ತುದಿಯಿಂದಲೇ ಹೆಂಡತಿಯ ಹೆಸರು ಕೂಗಿಕೊಂಡು ಬರುವ ನನ್ನ ಮಗ ತದೇಯೋ ಮಳೆಯಲ್ಲಿ ನಿಂತಿದ್ದ.

"ಏ... ಇವಳೇ, ಬಾಗಿಲು ತೆಗಿಯೇ!"

ಸೊಸೆ ಕದಲಲಿಲ್ಲ. ಹೋಗಮ್ಮ ಎನ್ನಲು ಅವಳ ಹೆಸರು ಹಿಡಿದು ಕರೆಯಹೋದೆ. ಬಾಯಿ ತೆರೆಯಿತು, ಹೆಸರು ಬರಲಿಲ್ಲ.

"ನಾಲಿಗೆ ಜುಮ್ಮನ್ನುತ್ತಾ?" ಅತ್ತೆ ಸೊಸೆಯನ್ನು ಕೇಳಿ ಹಿಟ್ಟಿನ ಕೈ ಒರೆಸಿಕೊಂಡರು. "ಆಗ್ಲಿ ಬಿಡು... ಅಭ್ಯಾಸ ಆಗುತ್ತೆ."