ಗೋಡೆಯಾಚೆ ಇದ್ದವಳು

ಚಳಿ ಇಳಿಯುತ್ತಿದ್ದ ದಿನಗಳು, ಸೋಮವಾರ ಬೆಳಗ್ಗೆ ಹತ್ತರ ಹೊತ್ತು. ಹಳೇ ಮನೆಗಳನ್ನು ಉಳಿಸುವ ಕಚೇರಿಯ ಬೆಂಚಿನ ಮೇಲೆ ಮುದುಕ ಬಡಗಿ ತನ್ನ ಸರದಿ ಕಾಯುತ್ತಿದ್ದ. ಪಕ್ಕದಲ್ಲಿ ಇಬ್ಬರು ಹೆಂಗಸರು. ಒಂದೇ ಗೋಡೆಯ ಆಚೀಚೆ ಒಬ್ಬೊಬ್ಬರೇ ಬಾಳಿದವರೆಂದು ಮಾತಿನಲ್ಲೇ ತಿಳಿಯಿತು.

"ಅಕ್ಕಾ, ನಮ್ಮ ಮನೆ ಸಾಲು ಪೂರ್ತಿ ಉಳಿಸೋ ಪಟ್ಟಿಗೆ ಸೇರ್ತು. ಇನ್ನು ಯಾರೂ ಕೆಡವೋ ಹಾಗಿಲ್ಲ."

"ಎರಡು ವರ್ಷ ಅರ್ಜಿ ಹಿಡಿದು ಚಪ್ಪಲಿ ಸವೆಸಿದೆಯಲ್ಲ, ಸಾರ್ಥಕ ಆಯ್ತು ಬಿಡು."

"ಮತ್ಯಾಕೆ ಮುಖ ಸಣ್ಣಗೆ?"

"ನಾನು ಮನೆ ಮಾರಿಬಿಟ್ಟೆ ಕಣೇ. ಯಾರೋ ಆಫೀಸು ಮಾಡ್ತಾರಂತೆ."

"ಏನಕ್ಕಾ ಇದು?"

"ಬಚ್ಚಲು ಮಹಡಿ ಮೇಲೆ, ನನ್ನ ಮಂಡಿ ಮಾತು ಕೇಳಲ್ಲ. ಕೆಳಗೊಂದು ಕಟ್ಟಿಸ್ತೀನಿ ಅಂತ ಹೋದ ತಿಂಗಳು ಇಲ್ಲಿ ಕೇಳ್ದೆ. ಪಟ್ಟಿಗೆ ಸೇರೋ ಮನೆ, ಗೋಡೆ ಮುಟ್ಟಬೇಡಿ ಅಂದ್ರು."

"ಬೆಳಗ್ಗೆ ಎದ್ದು ಚೆನ್ನಾಗಿದ್ದೀನಿ ಅಂತ ನಾನು ಗೋಡೆ ತಟ್ಟಿದ್ರೆ, ಇನ್ನು ಆ ಕಡೆಯಿಂದ ಯಾರು ತಟ್ತಾರೆ?"

"ಆಫೀಸಿನವರಿಗೆ ಹೇಳಿ ಹೋಗ್ತೀನಿ. ಹತ್ತು ಗಂಟೆ ಮೇಲೆ ತಟ್ಟು."

"ತಮಾಷೆ ಸಾಕು. ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನನಗೋಸ್ಕರ ಅರ್ಜಿ ವಾಪಸ್ ತಗೊಳ್ತಿದ್ದೆ."

ಗುಮಾಸ್ತ ಕರೆದ. ಕಿರಿಯಳು ಏಳಲಿಲ್ಲ. ಅಕ್ಕನೇ ರಟ್ಟೆ ಹಿಡಿದು ಎಬ್ಬಿಸಿ, ಪಟ್ಟಿಯ ಪತ್ರಕ್ಕೆ ಸಹಿ ಹಾಕಿಸಿ, ಹೊರಗೆ ಕರೆದುಕೊಂಡು ಹೋದಳು.

ಮುಂದಿನ ವಾರ ಆ ಸಾಲಿನಲ್ಲಿ ಕಿಟಕಿ ಸರಿಮಾಡಲು ಹೋದಾಗ ಬಡಗಿಗೆ ತಿಳಿಯಿತು, ಅಕ್ಕ ಕಚೇರಿಗೆ ಬಂದ ವಾರದ ಗುರುವಾರವೇ ಮನೆ ಬಿಟ್ಟಿದ್ದಳು.