ಬೆನ್ನ ಹಿಂದೆ ಲಾಡಿ

“ಈ ಹ್ಯಾಲೋವೀನ್‌ಗೆ ಎದೆ ನಡುಗಿಸೋ ಸಿನಿಮಾ ಯಾವುದು ನೋಡೋದಪ್ಪಾ?”

ದರ್ಜಿಯಂಗಡಿಯ ಸಾಲಿನಲ್ಲಿ ನಿಂತಿದ್ದ ಅಕ್ಕ ಯಾರನ್ನೂ ಉದ್ದೇಶಿಸದೆ ಹಾಗೆ ಕೇಳಿದಳು. ಹೊಸದಾಗಿ ಮದುವೆಯಾಗಿದ್ದ ತಂಗಿ ಪಕ್ಕದಲ್ಲಿದ್ದಳು. ಬೆಂಚಿನ ಮೇಲೆ ಕುಳಿತು ಬಾಯೊಳಗೇ ಸ್ತೋತ್ರ ಹೇಳಿಕೊಳ್ಳುತ್ತಿದ್ದ ಮುದುಕಿಯ ಕಿವಿ ಅತ್ತ ಹೊರಳಿತು.

“ಹಾಂ, ಒಂದಿದೆ ಕಣೇ,” ಎಂದು ಅಕ್ಕ ತಾನೇ ತಂಗಿಯತ್ತ ತಿರುಗಿದಳು. “ಹೊಸ ಸೊಸೇನ ಮನೆಗೆ ಸೇರಿಸ್ಕೊಳ್ಳೋಕೆ ಎಲ್ಲರೂ ಸೇರಿ ಏನೋ ಶಾಸ್ತ್ರ ಮಾಡ್ತಾರೆ. ಮೊದಲು ಅವಳು ಹುಟ್ಟಿದ ಗಳಿಗೆ ಕೇಳ್ತಾರೆ.”

“ನಮ್ಮತ್ತೇನೂ ಕೇಳಿದ್ರು.”

“ಯಾರ ಅತ್ತೆ ಕೇಳಲ್ಲ ಬಿಡು! ಆಮೇಲೆ ಅವಳ ಕೂದಲು ಬೇಕು ಅಂತಾರೆ.”

“ನನ್ನ ಬಾಚಣಿಗೇಲಿದ್ದದ್ದನ್ನ ಕಾಗದದಲ್ಲಿ ಮಡಚಿ ಇಟ್ಕೊಂಡಿದ್ದಾರೆ.”

“ಸುಮ್ನಿರೇ, ಹಗ್ಗ ಕಂಡು ಹಾವು ಅಂತೀಯ,” ಎಂದು ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ದರ್ಜಿ ಬಿಳಿ ನಿಲುವಂಗಿಯೊಂದನ್ನು ತಂಗಿಯ ಮುಂದೆ ಹರವಿದ.

“ನಿಮ್ಮತ್ತೆ ಹೇಳಿದ ಹಾಗೇ ಹೊಲಿದಿದ್ದೀನಮ್ಮ. ಲಾಡಿಗಳೆಲ್ಲ ಬೆನ್ನ ಹಿಂದೆ. ತೋಳಿನ ತುದಿ ಮುಚ್ಚಿ ಹೊಲೀರಿ ಅಂದ್ರು. ಕೈ ಹೊರಗೆ ಬರೋದು ಹ್ಯಾಗೆ ಅಂತ ಕೇಳ್ದೆ. ಬರಬೇಕಾಗಿಲ್ಲ ಅಂದ್ರು.”

ಮುದುಕಿಗೆ, ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಸ್ತೋತ್ರದ ಮುಂದಿನ ಸಾಲು ನೆನಪಾಗಲಿಲ್ಲ.

ತಂಗಿ ಅಂಗಿಯನ್ನು ಮುಟ್ಟಲಿಲ್ಲ. “ಅಕ್ಕಾ, ಶನಿವಾರ ಇದನ್ನ ತೊಡಿಸ್ತಾರಂತೆ. ನಮ್ಮ ಯಜಮಾನ್ರೂ ‘ಬೇಡ ಅನ್ಬೇಡ, ನಮ್ಮಮ್ಮನಿಗೂ ಹೀಗೇ ಮಾಡಿದ್ರು’ ಅಂದ್ರು. ನೀನು ನನ್ನ ಜೊತೆ ಬಾರೇ.”

ಅಕ್ಕ ಆಗಲೇ ಬಾಗಿಲ ಹತ್ತಿರ ಸರಿದಿದ್ದಳು.

“ಇಂಥ ಸಿನಿಮಾ ನೂರು ನೋಡಿದ್ದೀನಿ. ಜೊತೆಗೆ ಹೋದ ಅಕ್ಕ ಒಂದರಲ್ಲೂ ವಾಪಸ್ ಬಂದಿಲ್ಲ. ನಾನು ಬರಲ್ಲ.”